ಅಮೆರಿಕದ ಹಳೆಯ ವಲಸೆ ಮನೆತನವೊಂದರ ಬೇರು ಹುಡುಕುವುದು ಹೇಗೆ? ಹೆಸರು ಬಿಡಿ, ಜಮೀನು ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಅಳಿಯ ಓಹಿಯೋದವರು. 1635ರಲ್ಲಿ ಇಂಗ್ಲೆಂಡಿನಿಂದ ಮೆಸಾಚುಸೆಟ್ಸ್‌ಗೆ ಬಂದ ಮೂವರು ಅಣ್ಣತಮ್ಮಂದಿರಿಂದ ತಮ್ಮ ಮನೆತನ ಬೆಳೆಯಿತು ಎಂದು ಅವರ ಮನೆಯಲ್ಲಿ ಹೇಳುತ್ತಾರೆ. ಮೊಮ್ಮಗಳಿಗಾಗಿ ಅದನ್ನು ದಾಖಲೆ ಸಮೇತ ಬರೆದಿಡಬೇಕು, ಎಲ್ಲಿಂದ ಶುರು ಮಾಡಲಿ?

1635ರಿಂದಂತೂ ಬೇಡ. ಅಳಿಯಂದಿರ ತಾತನಿಂದ ಶುರು ಮಾಡಿ. ನಮ್ಮ ಕಡೆ ಹೆಳವರು ಮೂಲಪುರುಷನಿಂದ ಹಿಡಿದು ಕೆಳಕ್ಕೆ ಹೇಳುತ್ತಾ ಬರುತ್ತಾರೆ. ಇಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಒಂದೊಂದು ಮೆಟ್ಟಿಲಿಗೂ ‘ಇವನು ಇಂಥವನ ಮಗ’ ಎನ್ನುವ, ಆ ಕಾಲದಲ್ಲೇ ಬರೆದ ಕಾಗದವೊಂದು ಕೈಯಲ್ಲಿರಬೇಕು. ವೆಬ್‌ಸೈಟುಗಳಲ್ಲಿ ಸಿದ್ಧವಾಗಿ ಸಿಗುವ ವಂಶವೃಕ್ಷ ಕಾಗದವಲ್ಲ. ಒಬ್ಬರು ತಪ್ಪು ಹಾಕಿರುತ್ತಾರೆ, ನಾನೂರು ಜನ ನಕಲು ಮಾಡಿರುತ್ತಾರೆ. ನಾನೂರು ಕಡೆ ಇದೆ ಎಂದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ.

1950ರಿಂದ 1850ರವರೆಗಿನ ದಾರಿ ಸಲೀಸು. ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. 72 ವರ್ಷ ಗುಟ್ಟಾಗಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ, ಹಾಗಾಗಿ 1950ರದ್ದು 2022ರಲ್ಲಿ ಹೊರಬಂತು. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಪುಕ್ಕಟೆಯಾಗಿ ನೋಡಬಹುದು. ಎರಡು ಗುಂಡಿಗಳಿವೆ, ಬೀಳಬೇಡಿ. 1890ರ ಗಣತಿಯ ಬಹುಪಾಲು 1921ರ ಬೆಂಕಿಯ ಹೊಡೆತಕ್ಕೆ ಸಿಕ್ಕಿ ಹೋಯಿತು, ಅದನ್ನು ಹುಡುಕುತ್ತ ಕೂರಬೇಡಿ. ಇನ್ನೊಂದು, ಯಜಮಾನನಿಗೆ ಯಾರು ಏನಾಗಬೇಕು ಎಂಬ ಕಾಲಂ ಬಂದದ್ದೇ 1880ರಲ್ಲಿ. 1850, 60, 70ರ ಗಣತಿಯಲ್ಲಿ ಒಂದೇ ಮನೆಯಲ್ಲಿ ಕಂಡ ಹುಡುಗ ಮಗನೂ ಆಗಿರಬಹುದು, ತಂಗಿಯ ಮಗನೂ ಆಗಿರಬಹುದು, ಕೆಲಸದ ಹುಡುಗನೂ ಆಗಿರಬಹುದು.

1850ಕ್ಕಿಂತ ಹಿಂದೆ ಹೋದರೆ ನೆಲವೇ ಬೇರೆ. 1790ರಿಂದ 1840ರವರೆಗೆ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಗುಂಪಿನ ಅಂಕಿಗಳು. ಸಾಲದ್ದಕ್ಕೆ ಓಹಿಯೋದ 1800 ಮತ್ತು 1810ರ ಪುಸ್ತಕಗಳು ಹೆಚ್ಚುಕಡಿಮೆ ಉಳಿದೇ ಇಲ್ಲ. ಆ ಕಾಲಕ್ಕೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ತೆರಿಗೆ ಪಟ್ಟಿಗಳೇ ಗತಿ. ಮುತ್ತಜ್ಜನ ಅಜ್ಜ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದರೆ ಮಾತ್ರ ನಿಮ್ಮ ಅದೃಷ್ಟ ಖುಲಾಯಿಸಿತು ಎನ್ನಿ. 1832ರ ಪಿಂಚಣಿ ಕಾನೂನಿನಡಿ ಮುದುಕರು ಕೋರ್ಟಿಗೆ ಬಂದು ಎಲ್ಲಿ ಹುಟ್ಟಿದೆ, ಯಾವ ಊರಿನಿಂದ ಸೈನ್ಯ ಸೇರಿದೆ, ಆಮೇಲೆ ಎಲ್ಲೆಲ್ಲಿ ಬಾಳಿದೆ ಎಂದು ಪ್ರಮಾಣ ಮಾಡಿ ಬರೆಸಿದ್ದಾರೆ. 1836ರ ನಂತರ ವಿಧವೆಯರು ಮದುವೆಗೆ ಪುರಾವೆಯಾಗಿ ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದ್ದುಂಟು. ಇಂಥ ಸುಮಾರು 80,000 ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಪಿಂಚಣಿ ಇಲ್ಲದಿದ್ದರೆ ಉಳಿಯುವುದು ಉಯಿಲು ಮತ್ತು ಕ್ರಯಪತ್ರ. ನನ್ನ ಮಟ್ಟಿಗೆ ಇಡೀ ಹುಡುಕಾಟದ ಜೀವ ಇರುವುದೇ ಇಲ್ಲಿ. ಇದನ್ನು ಎಲ್ಲರಿಗೂ ಗೊತ್ತಿರುವ ಒಂದು ಮನೆತನದ ಮೇಲೆ ತೋರಿಸುತ್ತೇನೆ: ಅಬ್ರಹಾಂ ಲಿಂಕನ್.

ಲಿಂಕನ್‌ಗೆ ತನ್ನ ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಬಂದದ್ದು ಗೊತ್ತಿತ್ತು. ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯ ಕ್ವೇಕರರು (ಒಂದು ಕ್ರೈಸ್ತ ಪಂಥದವರು) ಎಂಬ ಮಾತೂ ಗೊತ್ತಿತ್ತು. 1848ರಲ್ಲಿ ಮೆಸಾಚುಸೆಟ್ಸ್‌ನ ಹಿಂಗಮ್ ಊರಿನ ಸಾಲೊಮನ್ ಲಿಂಕನ್ ಪತ್ರ ಬರೆದು ವಿಚಾರಿಸಿದಾಗಲೂ ಅವರಿಗೆ ಇದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. 1859ರ ಆತ್ಮಕಥನದ ಟಿಪ್ಪಣಿಯಲ್ಲಿ, ನ್ಯೂ ಇಂಗ್ಲೆಂಡಿನ (ಮೆಸಾಚುಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ) ಲಿಂಕನ್ನರೊಂದಿಗೆ ಸಂಬಂಧ ಹುಡುಕಿದರೆ ಎರಡೂ ಕಡೆ ಈನಕ್, ಲೀವೈ, ಮೊರ್ಡೆಕೈ, ಸಾಲೊಮನ್, ಅಬ್ರಹಾಂ ಎಂಬ ಹೆಸರುಗಳು ಹೋಲುತ್ತವೆ ಎನ್ನುವುದರಾಚೆ ಏನೂ ಗಟ್ಟಿಯಾಗಿ ಸಿಗಲಿಲ್ಲ ಎಂದು ಬರೆದರು. ವಕೀಲರಲ್ಲವೇ, ಹೆಸರು ಹೋಲಿದರೆ ಸಾಬೀತಾಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು.

ಗಂಟು ಬಿಡಿಸಿದ್ದು ನ್ಯೂ ಜೆರ್ಸಿಯ 300 ಎಕರೆ ಜಮೀನು. ಅಧ್ಯಕ್ಷರ ಮುತ್ತಜ್ಜನ ತಂದೆ ಮೊರ್ಡೆಕೈ ಲಿಂಕನ್ ಪೆನ್ಸಿಲ್ವೇನಿಯಾದ ಅಮಿಟಿಯಲ್ಲಿ ಉಯಿಲು ಬರೆಯುವಾಗ ಮಗ ಜಾನ್‌ಗೆ ‘ಜೆರ್ಸಿಯಲ್ಲಿರುವ ಮುನ್ನೂರು ಎಕರೆ’ ಎಂದು ಬರೆದ. 1748ರಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ಜಾನ್ ಲಿಂಕನ್ ಅದೇ 300 ಎಕರೆಯನ್ನು ಮಾರಿದ. ಅದೇ ಹೆಸರು, ಅದೇ ಜಮೀನು, ಅದೇ ಅಳತೆ: ತಂದೆ ಮಗ ಎಂಬುದು ಖಚಿತವಾಯಿತು. ಇನ್ನು ಮೊರ್ಡೆಕೈ ಜೆರ್ಸಿಗೆ ಬಂದದ್ದು ಎಲ್ಲಿಂದ? 1714ರಲ್ಲಿ ಅಲ್ಲಿನ ಜಾನ್ ಬೌನ್ ತನ್ನ ಉಯಿಲಿನಲ್ಲಿ ಸೋದರ ಸೊಸೆ ಹ್ಯಾನಾಳ ಹೆಸರನ್ನು ಲಿಂಕನ್ ಎಂದು ಬರೆಸಿದ್ದಾನೆ, ಎಂದರೆ ಅಷ್ಟರೊಳಗೆ ಮೊರ್ಡೆಕೈಯೊಂದಿಗೆ ಅವಳ ಮದುವೆಯಾಗಿದೆ. ಮೆಸಾಚುಸೆಟ್ಸ್‌ನ ಸಿಚುವೇಟ್‌ನಲ್ಲಿ 1727ರಲ್ಲಿ ತೀರಿಕೊಂಡ ಹಿರಿಯ ಮೊರ್ಡೆಕೈಯ ಉಯಿಲಿನಲ್ಲಿ ಮೊರ್ಡೆಕೈ, ಅಬ್ರಹಾಂ ಎಂಬ ಮಕ್ಕಳು ಸಿಗುತ್ತಾರೆ. ಆ ಹಿರಿಯ ಮೊರ್ಡೆಕೈಯ ಅಪ್ಪ ಸ್ಯಾಮ್ಯುಯೆಲ್, 1637ರಲ್ಲಿ ಹಡಗು ಹತ್ತಿದ ನೇಕಾರರ ಮನೆಯ ಆಳುಹುಡುಗ. ಹಡಗಿನ ಪಟ್ಟಿಯಲ್ಲಿ ಅವನ ಹೆಸರು ‘ಲಿಂಕರ್ನ್’, ವಯಸ್ಸು 18. ಇಂಗ್ಲೆಂಡಿನ ಹಿಂಗಮ್ ಚರ್ಚಿನ ಪುಸ್ತಕದಲ್ಲಿ ಕೂಸಾಗಿದ್ದಾಗಿನ ದೀಕ್ಷಾಸ್ನಾನ ಆಗಿರುವುದು 1622ರಲ್ಲಿ. ಲೆಕ್ಕ ಹಾಕಿ, ಮೂರು ವರ್ಷ ಕೂಡುವುದಿಲ್ಲ. ಹೆಸರಿನ ಅಕ್ಷರ ಮತ್ತು ವಯಸ್ಸು ಎರಡನ್ನೂ ಸಡಿಲವಾಗಿ ಹಿಡಿಯಬೇಕು ಎನ್ನುವುದು ಇದಕ್ಕೇ.

ಈಗ ಅಮಿಟಿಯ ಮೊರ್ಡೆಕೈಯ ಉಯಿಲನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಅಮಿಟಿ ಇರುವುದು ಬರ್ಕ್ಸ್ ಕೌಂಟಿಯಲ್ಲಿ, ಆದರೆ ಉಯಿಲು ಬರ್ಕ್ಸ್‌ನಲ್ಲಿ ಸಿಗುವುದಿಲ್ಲ. ಬರ್ಕ್ಸ್ ಹುಟ್ಟಿದ್ದೇ 1752ರಲ್ಲಿ. ಮೊರ್ಡೆಕೈ ಸತ್ತಾಗ ಅಮಿಟಿ ಫಿಲಡೆಲ್ಫಿಯಾ ಕೌಂಟಿಗೆ ಸೇರಿತ್ತು. ಹೊಸ ಕೌಂಟಿ ಆದಾಗ ಹಳೆಯ ಪುಸ್ತಕಗಳು ಹಳೆಯ ಕಚೇರಿಯಲ್ಲೇ ಉಳಿಯುತ್ತವೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕಿಂತ ಹಿಂದೆ ಅದು ಧಾರವಾಡದೊಳಗಿತ್ತು ಎನ್ನುವುದನ್ನು ನೆನೆದರೆ ಇದು ಅರ್ಥವಾಗುತ್ತದೆ. ವರ್ಜೀನಿಯಾದಲ್ಲೂ ಇದೇ ಕಥೆ: ಲಿಂಕನ್‌ನ ಮುತ್ತಜ್ಜ ಜಾನ್ 1768ರಲ್ಲಿ ಕೊಂಡ ಜಮೀನು ಈಗ ರಾಕಿಂಗ್‌ಹ್ಯಾಮ್‌ನಲ್ಲಿದೆ, ಆದರೆ ಆ ಕೌಂಟಿ ಆಗಸ್ಟಾದಿಂದ ಬೇರೆಯಾದದ್ದು 1778ರಲ್ಲಿ. ರಾಕಿಂಗ್‌ಹ್ಯಾಮ್‌ನ ಹಲವು ಪುಸ್ತಕಗಳು 1864ರಲ್ಲಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿ ಸುಟ್ಟಿವೆ. 1778ಕ್ಕೆ ಮುಂಚಿನ ವ್ಯವಹಾರಕ್ಕೆ ಆಗಸ್ಟಾದ ಪುಸ್ತಕ ತೆರೆಯಬೇಕು. ಆದ್ದರಿಂದ ಊರಿನ ಹೆಸರು ಸಿಕ್ಕ ಕೂಡಲೇ ನಿಮ್ಮ ಮೊದಲ ಕೆಲಸ, ಆ ವರ್ಷದಲ್ಲಿ ಅದು ಯಾವ ಕೌಂಟಿ ಎಂದು ಹುಡುಕಿ ಕಾಗದದ ನೆತ್ತಿಯ ಮೇಲೆ ಬರೆದುಕೊಳ್ಳುವುದು. ಲಿಂಕನ್‌ನ ಅಪ್ಪ ಅಮ್ಮನ ಮದುವೆಯ ದಾಖಲೆಯನ್ನೂ ಜನ ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿ ಸುಸ್ತಾಗಿ, ಮದುವೆಯೇ ಆಗಿಲ್ಲ ಎಂದು ಗುಸುಗುಸು ಹಬ್ಬಿಸಿದ್ದರು. 1806ರ ಆ ಮದುವೆಯ ಮುಚ್ಚಳಿಕೆ ಪತ್ರ 1878ರಲ್ಲಿ ವಾಷಿಂಗ್ಟನ್ ಕೌಂಟಿಯಲ್ಲಿ ಸಿಕ್ಕಿತು.

ಮೊರ್ಡೆಕೈಯ ಆ ಉಯಿಲಿನ ತಾರೀಖು 22 ಫೆಬ್ರವರಿ 1735/6. ಎರಡು ವರ್ಷ ಯಾಕೆ? 1752ರವರೆಗೆ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. ಅವರ ಪಾಲಿಗೆ ಅದು ಇನ್ನೂ 1735, ನಮ್ಮ ಲೆಕ್ಕಕ್ಕೆ 1736. ಯಾರೋ ನಕಲು ಮಾಡುವಾಗ ಬರೀ 1735 ಎಂದು ಬರೆದರೆ, 1736ರ ಜೂನ್‌ನಲ್ಲಿ ಕೋರ್ಟಿಗೆ ಬಂದ ಉಯಿಲು ಒಂದೂಕಾಲು ವರ್ಷ ಹಳೆಯದೆಂದು ಕಾಣುತ್ತದೆ. ನಿಜಕ್ಕೂ ಆಗಿರುವುದು ಮೂರೂವರೆ ತಿಂಗಳು. ಒಂದೇ ತಾಯಿಗೆ 1700ರ ಏಪ್ರಿಲ್‌ನಲ್ಲಿ ಒಂದು, 1700ರ ಫೆಬ್ರವರಿಯಲ್ಲಿ ಒಂದು ಮಗು ಎಂದು ಕಂಡರೆ ದಾಖಲೆ ಸುಳ್ಳೆಂದು ಎಸೆಯಬೇಡಿ. ಫೆಬ್ರವರಿಯದು ಹತ್ತು ತಿಂಗಳ ನಂತರದ ಹೆರಿಗೆ. ಕ್ವೇಕರರು ತಿಂಗಳಿಗೆ ಹೆಸರನ್ನೇ ಬರೆಯುತ್ತಿರಲಿಲ್ಲ. 1752ಕ್ಕೆ ಮುಂಚೆ ಅವರ ‘ಮೊದಲನೆಯ ತಿಂಗಳು’ ಮಾರ್ಚ್.

ಉಯಿಲಿನ ಸಂಬಂಧವಾಚಕಗಳನ್ನು ಇವತ್ತಿನ ಅರ್ಥದಲ್ಲಿ ಓದಿದರೆ ಕೆಟ್ಟಿತು. ಆ ಕಾಲದ ‘ಸನ್-ಇನ್-ಲಾ’ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. ‘ಕಸಿನ್’ ಎಂದರೆ ಎಷ್ಟೋ ಸಲ ಅಣ್ಣನ ಮಗ. ಒಂದೇ ಊರಲ್ಲಿ ಸೀನಿಯರ್, ಜೂನಿಯರ್ ಎಂದು ಬರೆದರೆ ಅಪ್ಪ ಮಗ ಎಂದಲ್ಲ, ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ ಎಂದಷ್ಟೇ. ಹಿರಿಯ ಸತ್ತ ಮೇಲೆ ಕಿರಿಯನೇ ಸೀನಿಯರ್ ಆಗುತ್ತಾನೆ. ‘ಜೆಎನ್ಓ’ ಎಂದು ಚುಟುಕಾಗಿ ಬರೆದಿದ್ದರೆ ಜಾನ್, ಜೊನಾಥನ್ ಅಲ್ಲ. ಪಾಲಿ ಎಂದರೆ ಮೇರಿ, ಪ್ಯಾಟ್ಸಿ ಎಂದರೆ ಮಾರ್ಥಾ, ಸ್ಯಾಲಿ ಎಂದರೆ ಸಾರಾ. ಮೆಸಾಚುಸೆಟ್ಸ್‌ನಲ್ಲಿ ಉಯಿಲಿಲ್ಲದೆ ಸತ್ತವನ ಹಿರಿಯ ಮಗನಿಗೆ ಎರಡು ಪಾಲು: ನಾಲ್ವರು ಮಕ್ಕಳಿರುವಲ್ಲಿ ಆಸ್ತಿಯನ್ನು ಐದು ಭಾಗ ಮಾಡಿದ್ದರೆ ಎರಡು ಭಾಗ ತೆಗೆದುಕೊಂಡವನೇ ಹಿರಿಯ. ವರ್ಜೀನಿಯಾದ ಹಳೆಯ ಕಾನೂನಿನಲ್ಲಿ ಅಂಥ ಜಮೀನು ಇಡಿಯಾಗಿ ಹಿರಿಯನಿಗೆ. 1786ರಲ್ಲಿ ಕೆಂಟಕಿಯಲ್ಲಿ ಲಿಂಕನ್‌ನ ಅಜ್ಜ ಕೊಲೆಯಾದಾಗ ಅಲ್ಲಿ ನಡೆಯುತ್ತಿದ್ದುದು ಅದೇ ಕಾನೂನು. ಜಮೀನು ದೊಡ್ಡ ಮಗ ಮೊರ್ಡೆಕೈಗೆ ಹೋಯಿತು, ಕಿರಿಯ ಥಾಮಸ್, ಅಂದರೆ ಲಿಂಕನ್‌ನ ಅಪ್ಪ, ಬರಿಗೈಯಲ್ಲಿ ಬೆಳೆದ.

ಕ್ರಯಪತ್ರ ಓದುವಾಗ ಬೆಲೆಯನ್ನಲ್ಲ, ಚಕ್ಕುಬಂದಿಯನ್ನು ಮತ್ತು ಕೊನೆಯ ಸಾಲುಗಳನ್ನು ನೋಡಿ. ಪಕ್ಕದ ಜಮೀನಿನವರು, ಸಾಕ್ಷಿ ಹಾಕಿದವರು ಬಹುತೇಕ ಬೀಗರು, ಭಾವಮೈದುನರು. ಗಂಡ ಮಾರುವಾಗ ಹೆಂಡತಿ ತನ್ನ ಮೂರನೇ ಒಂದು ಪಾಲಿನ ಹಕ್ಕು ಬಿಟ್ಟುಕೊಡಬೇಕಿತ್ತು, ಹಾಗಾಗಿ ಬೇರೆಲ್ಲೂ ಸಿಗದ ಹೆಂಗಸಿನ ಹೆಸರು ಅಲ್ಲಿ ಸಿಗುತ್ತದೆ. ಕನೆಕ್ಟಿಕಟ್, ವರ್ಮಾಂಟ್, ರೋಡ್ ಐಲೆಂಡ್‌ಗಳಲ್ಲಿ ಕ್ರಯಪತ್ರ ಊರಿನ ಕಚೇರಿಯಲ್ಲಿರುತ್ತದೆ, ಮೆಸಾಚುಸೆಟ್ಸ್‌ನಲ್ಲೂ ದಕ್ಷಿಣದಲ್ಲೂ ಕೌಂಟಿಯಲ್ಲಿ. ಫ್ಯಾಮಿಲಿಸರ್ಚ್‌ನಲ್ಲಿ ಈಗ ‘ಫುಲ್ ಟೆಕ್ಸ್ಟ್’ ಹುಡುಕಾಟವಿದೆ. ಯಂತ್ರವೇ ಕೈಬರಹ ಓದಿ ಉಯಿಲು, ಕ್ರಯಪತ್ರಗಳ ಒಳಗಿನ ಮಾತನ್ನೂ ಹುಡುಕಿಕೊಡುತ್ತದೆ. ಸೂಚಿಯಲ್ಲಿ ಇಲ್ಲದ ಸಾಕ್ಷಿಗಳೂ ಅದರಲ್ಲಿ ಸಿಗುತ್ತಾರೆ. ಆದರೆ ಹಳೆಯ ಕೈಬರಹವನ್ನು ಅದು ತಪ್ಪಾಗಿ ಓದುವುದೂ ಉಂಟು. ಮನೆತನದ ಹೆಸರನ್ನು ನಾಲ್ಕೈದು ಬಗೆಯಲ್ಲಿ ಹಾಕಿ, ಲಿಂಕನ್ ಆದರೆ ಲಿಂಕರ್ನ್, ಲಿಂಕ್‌ಹಾರ್ನ್. ಆಮೇಲೆ ಅಕ್ಕಪಕ್ಕದವರ ಹೆಸರು ಹಾಕಿ. ಸಿಕ್ಕ ಮೇಲೆ ಮೂಲ ಚಿತ್ರವನ್ನೇ ಓದಿ.

ಹೀಗೆ ಹತ್ತಿ 1600ರ ದಶಕ ಮುಟ್ಟಿದ ಮೇಲಷ್ಟೇ 1635ರ ಮಾತು. 1620ರಿಂದ 1640ರೊಳಗೆ ಸುಮಾರು 20,000 ಜನ ನ್ಯೂ ಇಂಗ್ಲೆಂಡಿಗೆ ಬಂದರು. ಬೋಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯ ‘ಗ್ರೇಟ್ ಮೈಗ್ರೇಶನ್’ ಅಧ್ಯಯನ ಯೋಜನೆ ಆ ಕಾಲದವರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಯಾವ ಮಾತಿಗೆ ಯಾವ ದಾಖಲೆ ಎಂದು ಬರೆದಿಟ್ಟಿದೆ. ಮೊದಲು ಅಲ್ಲಿ ನೋಡಿ. ಹಡಗಿನ ಹೆಸರು ಸಿಗದಿದ್ದರೆ ಬೇಸರ ಬೇಡ. ಅಮೆರಿಕದಲ್ಲಿ ಪ್ರಯಾಣಿಕರ ಪಟ್ಟಿ ಕಡ್ಡಾಯವಾದದ್ದೇ 1820ರಲ್ಲಿ, ಅದಕ್ಕೆ ಹಿಂದಿನವು ಅಲ್ಲೊಂದು ಇಲ್ಲೊಂದು ಉಳಿದಿವೆ. ‘ಮೂವರು ಅಣ್ಣತಮ್ಮಂದಿರು’ ಎನ್ನುವುದು ಅಲ್ಲಿ ಮನೆಮನೆಯ ಕಥೆ, ಒಂದೇ ಹೆಸರಿನ ಮೂರು ಮನೆತನಗಳನ್ನು ಹೊಲಿದು ಜೋಡಿಸುವ ದಾರ ಅದು. ನೂರು ವರ್ಷ ಹಿಂದೆ ಅಚ್ಚಾದ ಕುಟುಂಬ ಚರಿತ್ರೆಯಲ್ಲಿ ಗುಸ್ಟಾವ್ ಆಂಜೂ ಹೆಸರು ಕಂಡರೆ ಪುಸ್ತಕ ಮುಚ್ಚಿಡಿ. ದುಡ್ಡಿಗಾಗಿ ಶ್ರೀಮಂತರಿಗೆ ಖೊಟ್ಟಿ ವಂಶಾವಳಿ ಹೆಣೆದುಕೊಟ್ಟವನು ಅವನು.

ಡಿಎನ್ಎ ಪರೀಕ್ಷೆ ಮಾಡಿಸೋಣವೇ ಎಂದೂ ಕೇಳಿದ್ದೀರಿ. ಹತ್ತು ತಲೆಮಾರು ಹಿಂದಕ್ಕೆ 1,024 ಪೂರ್ವಜರಿರುತ್ತಾರೆ, ಅವರಲ್ಲಿ ಅನೇಕರಿಂದ ಅಳಿಯಂದಿರಿಗೆ ಒಂದು ಚೂರೂ ಬಂದಿರುವುದಿಲ್ಲ. ಅಪ್ಪನಿಂದ ಮಗನಿಗಷ್ಟೇ ಇಳಿಯುವ ವೈ ಕ್ರೋಮೋಸೋಮಿನ ಪರೀಕ್ಷೆ ಮಾತ್ರ ಉಪಯೋಗ, ಅದೂ ಬೇರೆ ಶಾಖೆಯ ದಾಖಲೆ ಗಟ್ಟಿಯಿರುವ ಗಂಡಸೊಬ್ಬರು ಮಾಡಿಸಿದ್ದರೆ. ಒಂದೇ ಮನೆತನ ಹೌದೋ ಅಲ್ಲವೋ ಎಂದು ಅದು ಹೇಳುತ್ತದೆ, ಯಾವ ಅಣ್ಣತಮ್ಮನ ಮಗ ಎಂದು ಹೇಳುವುದಿಲ್ಲ.

ಬೀಗರ ಮನೆಯಲ್ಲಿ ಹಳೆಯ ಬೈಬಲ್ ಇದೆ ಎಂದಿರಲ್ಲ, ಹುಟ್ಟುಸಾವು ಬರೆದ ಹಾಳೆಯ ಜೊತೆಗೆ ಮುಖಪುಟದ ಫೋಟೋವನ್ನೂ ತರಿಸಿಕೊಳ್ಳಿ. ಬೈಬಲ್ ಅಚ್ಚಾದದ್ದು 1840ರಲ್ಲಿ, ಒಳಗಿನ ಮೊದಲ ಜನನ 1760ರದ್ದು, ಎಲ್ಲವೂ ಒಂದೇ ಶಾಯಿ ಒಂದೇ ಕೈ ಎಂದಾದರೆ ಯಾರೋ ಒಂದು ಮಧ್ಯಾಹ್ನ ಕೂತು ನೆನಪಿನಿಂದ ತುಂಬಿದ್ದಾರೆ ಎಂದೇ ತಿಳಿಯಿರಿ. ಶಾಯಿ, ಕೈಬರಹ ಬದಲಾಗುತ್ತ ಹೋಗಿರುವ ಸಾಲುಗಳು ಎಲ್ಲಿ ಶುರುವಾಗುತ್ತವೋ ಅಲ್ಲಿಂದ ನಂಬಬಹುದು.