ಊರು ಬಿಟ್ಟು ಬೆಂಗಳೂರಿಗೆ ಬಂದಿದ್ದೇನೆ. ಬಿಪಿ ಮಾತ್ರೆ ಬರೆಸಿಕೊಳ್ಳಲು ಯಾವ ಹಾರ್ಟ್ ಸ್ಪೆಷಲಿಸ್ಟ್ ಹತ್ತಿರ ಹೋಗಲಿ?

ಇನ್ನು ಹನ್ನೆರಡು ಮಾತ್ರೆ ಉಳಿದಿವೆ, ಅಷ್ಟರೊಳಗೆ ಒಳ್ಳೆ ಡಾಕ್ಟರ್ ಸಿಗದಿದ್ದರೆ ಹಳೇ ಚೀಟಿಯಲ್ಲೇ ತಳ್ಳಬಹುದಾ ಎಂದು ಕೊನೆಯಲ್ಲಿ ಕೇಳಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಎಂದಿತು. ನಾನೂ ಹಾಗೆ ತಳ್ಳಿದವನೇ. ಹನ್ನೆರಡು ದಿನ ಅಲ್ಲ, ಮೂರು ವರ್ಷ.

2019ರಲ್ಲಿ ತಿಪಟೂರಿನಿಂದ ಬೆಂಗಳೂರಿಗೆ ಬಂದೆ. ಆಗ ನನಗೆ 44. ಊರಲ್ಲಿ ಒಬ್ಬರು ಹಳೇ ಡಾಕ್ಟರ್ ಇದ್ದರು. ಅಪ್ಪನಿಗೂ ಅವರೇ, ನನಗೂ ಅವರೇ. ಅವರ ಕೈಗುಣ ಅಂದರೆ ನಮ್ಮ ಮನೆಯಲ್ಲಿ ದೇವರ ಪ್ರಸಾದಕ್ಕೆ ಸಮ. ಟೆಲ್ಮಿಸಾರ್ಟಾನ್ 40, ಆಮ್ಲೊಡಿಪಿನ್ 5 ಎರಡೂ ಸೇರಿದ ಒಂದೇ ಮಾತ್ರೆ ಬರೆದಿದ್ದರು. ಬೆಳಿಗ್ಗೆ ತಿಂಡಿ ಆದಮೇಲೆ ನುಂಗಿದರೆ ಮುಗೀತು. ಬಿಪಿ 130ರ ಆಸುಪಾಸಿನಲ್ಲಿ ತೆಪ್ಪಗೆ ಇರುತ್ತಿತ್ತು.

ಬೆಂಗಳೂರಿಗೆ ಬಂದಮೇಲೆ ಅದೇ ಕೈಗುಣ ಹುಡುಕಲು ಶುರು ಮಾಡಿದೆ. ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ದೊಡ್ಡ ಹೆಸರು. ಒಬ್ಬರ ಅಪಾಯಿಂಟ್‌ಮೆಂಟ್ ಮೂರು ವಾರ ಆದಮೇಲೆ ಸಿಕ್ಕಿತು. ಆ ದಿನ ಮಗಳ ಶಾಲೆಯಲ್ಲಿ ಏನೋ ಇತ್ತು, ಹೋಗಲಿಲ್ಲ. ನಮ್ಮದೇ ಕ್ರಾಸಿನಲ್ಲಿ, ಟೈಲರ್ ಅಂಗಡಿ ಪಕ್ಕ, ಒಂದು ಪುಟ್ಟ ಕ್ಲಿನಿಕ್ ಇತ್ತು. ಬೋರ್ಡಿನಲ್ಲಿ ಬರೀ ಎಂಬಿಬಿಎಸ್. ನೆಗಡಿ ಜ್ವರಕ್ಕೆ ಸಾಕು, ಬಿಪಿಗೆ ಇವರೆಲ್ಲ ಸಾಲಲ್ಲ ಎಂದು ಮೂಗು ಮುರಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಹಿತ್ತಲು ಮನೆಯಿಂದ ನೂರು ಹೆಜ್ಜೆ ದೂರದಲ್ಲಿತ್ತು, ಅಷ್ಟೇ.

ಅಷ್ಟರಲ್ಲಿ ಮಾತ್ರೆ ಮುಗಿಯಿತು. ಮೆಡಿಕಲ್ ಶಾಪ್‌ಗೆ ಹೋಗಿ ಖಾಲಿ ಸ್ಟ್ರಿಪ್ ತೋರಿಸಿದೆ. ಹುಡುಗ ಚೀಟಿ ಕೇಳಲೇ ಇಲ್ಲ. "ಎಷ್ಟು ಕೊಡ್ಲಿ ಸಾರ್?" ಎಂದ. ಹತ್ತು ಪರ್ಸೆಂಟ್ ಡಿಸ್ಕೌಂಟ್ ಬೇರೆ ಕೊಟ್ಟ. ಇಷ್ಟು ಸುಲಭ ಇರುವಾಗ ಡಾಕ್ಟರ್ ಯಾಕೆ ಅನ್ನಿಸಿತು.

ನನ್ನ ತಪ್ಪು ಇದೇ, ಆ ಖಾಲಿ ಸ್ಟ್ರಿಪ್. ಸ್ವಲ್ಪ ಕೊರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಚೀಟಿ ತೋರಿಸಿದ್ದರೆ ಅದರಲ್ಲಿ ತಾರೀಖು ಇರುತ್ತಿತ್ತು, ಇದು ಎರಡು ವರ್ಷ ಹಳೇದು ಎಂದು ನನಗಾದರೂ ಕಣ್ಣಿಗೆ ಬೀಳುತ್ತಿತ್ತು. ಸ್ಟ್ರಿಪ್ ಮೇಲೆ ಇರೋದು ಮಾತ್ರೆಯ ಎಕ್ಸ್‌ಪೈರಿ ಡೇಟ್ ಮಾತ್ರ. ಆ ಮಾತ್ರೆ ನನಗೆ ಇನ್ನೂ ಸರಿಯಾ ಎಂದು ಅದು ಹೇಳಲ್ಲ. ನಾನು ಒಂಬತ್ತು ಕೆಜಿ ದಪ್ಪ ಆಗಿದ್ದೆ. ಮೂರು ವರ್ಷ ಒಂದು ರಕ್ತ ಪರೀಕ್ಷೆ ಇಲ್ಲ. ಮಜಾ ಏನು ಗೊತ್ತಾ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ಕೆಂಪು ಚೌಕದಲ್ಲಿ ಅದೇ ಸ್ಟ್ರಿಪ್ ಮೇಲೆ ಅಚ್ಚಾಗಿತ್ತು. ಬಿಪಿ ಮಾತ್ರೆಗಳು ಶೆಡ್ಯೂಲ್ ಎಚ್, ಅಂದರೆ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳು. ತಿಂಗಳು ತಿಂಗಳು ಅದನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಿದ್ದೆ. ನಾನೂ ಓದಲಿಲ್ಲ, ಹುಡುಗನೂ ಓದಲಿಲ್ಲ.

ಎರಡನೇ ವರ್ಷ ತಲೆನೋವು ಶುರುವಾಯಿತು. ಬಿಪಿ ಏರಿರಬೇಕು ಎಂದುಕೊಂಡು ನಾನೇ ದಿನಕ್ಕೆ ಎರಡು ಮಾತ್ರೆ ಮಾಡಿಕೊಂಡೆ. ಅಳೆದು ನೋಡಿದೆನಾ? ಇಲ್ಲ. ಎರಡು ತಿಂಗಳಲ್ಲಿ ಪಾದ ಊದಿತು. ಸಾಕ್ಸ್ ಬಿಚ್ಚಿದರೆ ಗೆರೆ ಅಚ್ಚೊತ್ತಿರುತ್ತಿತ್ತು. ಅದೇ ಹುಡುಗನನ್ನು ಕೇಳಿದೆ. ನೀರು ಇಳಿಯುವ ಮಾತ್ರೆ ಕೊಟ್ಟ. ಆಮೇಲೆ ಮಂಡಿನೋವು. ಅದಕ್ಕೆ ಅಸಿಕ್ಲೋಫೆನಾಕ್ ಎಂಬ ನೋವಿನ ಮಾತ್ರೆ, ಅದೂ ಅವನೇ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಕೇಳಿದ್ದು ನಾನು.

2022ರಲ್ಲಿ ನೆಂಟರ ಮನೆ ಗೃಹಪ್ರವೇಶದ ಊಟ ಮಾಡಿ ಬಂದು ಭೇದಿ ಶುರುವಾಯಿತು. ಎರಡು ದಿನ ಹೊಟ್ಟೆಯಲ್ಲಿ ಒಂದು ಲೋಟ ನೀರು ನಿಲ್ಲಲಿಲ್ಲ. ಆದರೆ ಮಾತ್ರೆಗಳನ್ನು ಮಾತ್ರ ವ್ರತದ ಹಾಗೆ ನುಂಗುತ್ತಿದ್ದೆ. ಮೂರನೇ ದಿನ ಬಚ್ಚಲಲ್ಲಿ ಬಿದ್ದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಬಿಪಿ 84/50, ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.1.

ಅಲ್ಲಿನ ಕಿಡ್ನಿ ಡಾಕ್ಟರ್ ಹಾಸಿಗೆ ಪಕ್ಕ ಕೂತು ಬಿಡಿಸಿ ಹೇಳಿದರು. ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ರಕ್ತ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಸೋಸುವ ಜಾಗದಲ್ಲಿ ಒತ್ತಡವೇ ಉಳಿಯಲ್ಲ. ನೀರಿನ ಮಾತ್ರೆ ಮೈಯಲ್ಲಿದ್ದ ನೀರನ್ನೂ ಇಳಿಸುತ್ತದೆ. ಅದರ ಮೇಲೆ ಭೇದಿ. ಇನ್ನೊಂದು ಮಾತು ಹೇಳಿದರು, ಅದು ಇವತ್ತಿಗೂ ಉರಿಯುತ್ತದೆ. ಕಾಲು ಊದಿದ್ದು ಆಮ್ಲೊಡಿಪಿನ್‌ನಿಂದಲೇ. ಅದರ ಡೋಸ್ ಹೆಚ್ಚಿದಷ್ಟೂ ಊತ ಜಾಸ್ತಿ. ಎರಡನೇ ಮಾತ್ರೆ ಬಿಟ್ಟಿದ್ದರೆ ಸಾಕಿತ್ತು, ನೀರಿನ ಮಾತ್ರೆಯ ಅಗತ್ಯವೇ ಇರಲಿಲ್ಲ. ಆರು ದಿನ ಅಡ್ಮಿಟ್, ತೊಂಬತ್ತು ಸಾವಿರ ಹೋಯಿತು. ಕ್ರಿಯಾಟಿನಿನ್ ಇಳಿಯಿತು, ಆದರೆ 1.4ಕ್ಕೆ ಬಂದು ನಿಂತುಬಿಟ್ಟಿದೆ.

ಈಗ ನನಗೆ ಮಾತ್ರೆ ಬರೆಯುವವರು ಯಾರು ಗೊತ್ತಾ? ಟೈಲರ್ ಅಂಗಡಿ ಪಕ್ಕದ ಎಂಬಿಬಿಎಸ್. ಫೀಸು ಇನ್ನೂರು. ಮೊದಲ ದಿನ ಐದು ನಿಮಿಷ ಸುಮ್ನೆ ಕೂರಿಸಿದರು. ಎರಡೂ ತೋಳಿನಲ್ಲಿ ಬಿಪಿ ನೋಡಿದರು. ನನ್ನ ತೋಳು ದಪ್ಪ ಎಂದು ದೊಡ್ಡ ಪಟ್ಟಿ ತರಿಸಿ ಮತ್ತೆ ನೋಡಿದರು, ಚಿಕ್ಕ ಪಟ್ಟಿ ಬಿಗಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದಂತೆ. ಆಮೇಲೆ, "ಬೇರೆ ಏನೇನು ಮಾತ್ರೆ ನುಂಗ್ತೀರಿ?" ಎಂದರು. ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವವರ ಮುಂದೆ ನಾನು ಹೋಗಿ ಕೂತಿದ್ದರೆ ತಾನೇ!

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಸಾಧಾರಣ ಬಿಪಿಗೆ ಹಾರ್ಟ್ ಸ್ಪೆಷಲಿಸ್ಟ್ ಬೇಡ. ಜಯದೇವಕ್ಕೆ ಹೋಗಲಾ ಎಂದೂ ಬರೆದಿದ್ದೀರಿ. ಅಲ್ಲಿನ ಕ್ಯೂ ಹೃದಯದ ತೊಂದರೆ ಇರುವವರಿಗೆ ಬಿಡಿ. ನಡೆದು ಹೋಗುವ ದೂರದಲ್ಲಿರುವ ಎಂಬಿಬಿಎಸ್ ಅಥವಾ ಎಂಡಿ ಡಾಕ್ಟರ್ ಸಾಕು, ಯಾಕಂದ್ರೆ ದೂರ ಇದ್ದರೆ ನೀವು ಮತ್ತೆ ಹೋಗಲ್ಲ. ದುಡ್ಡಿನ ಚಿಂತೆ ಇದ್ದರೆ ನಿಮ್ಮ ವಾರ್ಡಿನಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್' ಹುಡುಕಿ. ಅಲ್ಲಿ ಎಂಬಿಬಿಎಸ್ ಡಾಕ್ಟರ್ ಇರುತ್ತಾರೆ, ಬಿಪಿ ಶುಗರ್ ನೋಡಿ ಮಾತ್ರೆಯನ್ನೂ ಪುಕ್ಕಟೆ ಕೊಡುತ್ತಾರೆ. ಊರಿಗೆ ಹೋದಾಗ ಪ್ರಾಥಮಿಕ ಆರೋಗ್ಯ ಕೇಂದ್ರವೂ ಆಗುತ್ತದೆ. ಚೀಟಿ ಬರೆಸಿಕೊಂಡ ಮೇಲೆ ಜನೌಷಧಿ ಅಂಗಡಿಯಲ್ಲಿ ತಗೊಂಡರೆ ಖರ್ಚು ತುಂಬಾ ಇಳಿಯುತ್ತದೆ. ತೀರಾ ಆಗದಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ವಿಡಿಯೋದಲ್ಲೇ ಚೀಟಿ ಸಿಗುತ್ತದೆ. 2020ರಿಂದ ಹಾಗೆ ಬರೆದುಕೊಡಲು ನಿಯಮವೇ ಇದೆ. ಆದರೆ ಫೋನು ಊದಿದ ಪಾದ ಒತ್ತಿ ನೋಡಲ್ಲ, ಅದು ಒಂದು ಸಲದ ಮಟ್ಟಿಗೆ.

ನೀರಿನ ಮಾತ್ರೆಯೂ ಸೇರಿ ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ, ತೀರಾ ಚಿಕ್ಕ ವಯಸ್ಸಾಗಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಕಿಡ್ನಿ ತೊಂದರೆ ಇದ್ದರೆ ಆಗ ದೊಡ್ಡ ಡಾಕ್ಟರ್ ಬೇಕು. ಅದನ್ನೂ ಈ ಚಿಕ್ಕ ಡಾಕ್ಟರೇ ಹೇಳುತ್ತಾರೆ. ಎದೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಇವಕ್ಕೆ ಯಾವ ಕ್ಲಿನಿಕ್ಕೂ ಬೇಡ, ನೇರ ಎಮರ್ಜೆನ್ಸಿ.

ಡಾಕ್ಟರ್ ಒಳ್ಳೆಯವರಾ ಎಂದು ತಿಳಿಯೋದು ಹೇಗೆ ಎನ್ನುತ್ತೀರಾ? ಕೈಗುಣ ಬಿಡಿ. ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ ಎನ್ನುತ್ತಾರಾ, ಮತ್ತೆ ಯಾವಾಗ ಬರಬೇಕು ಎಂದು ಹೇಳುತ್ತಾರಾ, ಅಷ್ಟು ನೋಡಿ. ವಾಂತಿ ಭೇದಿ ಆದ ದಿನ ಈ ಮಾತ್ರೆ ಏನು ಮಾಡಲಿ ಎಂದು ನೀವೇ ಬಾಯಿಬಿಟ್ಟು ಕೇಳಿ, ಚೀಟಿ ಹಿಂದೆ ಬರೆಸಿಕೊಳ್ಳಿ.

ನಿಮ್ಮ ಮಾತ್ರೆಯ ಹೆಸರು ಹೇಳಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಹೀಗೆ 'ಲಾಲ್' ಎಂದು ಮುಗಿಯುವುದಾದರೆ ಒಂದು ದಿನವೂ ತಪ್ಪಿಸಬೇಡಿ, ಅದನ್ನು ದಿಢೀರ್ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ಏರುತ್ತವೆ. ಹನ್ನೆರಡು ಮಾತ್ರೆ ಮುಗಿಯುವವರೆಗೆ ಕಾಯುವುದು ಬೇಡ, ನಾಳೆ ಬೆಳಿಗ್ಗೆಯೇ ಹೋಗಿ. ಹಳೇ ಚೀಟಿ, ನೀವು ನುಂಗುವ ಎಲ್ಲಾ ಮಾತ್ರೆ, ಮಂಡಿನೋವಿಗೆ ನುಂಗುವುದಿದ್ದರೆ ಅದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕ್ಕೊಳ್ಳಿ. ಬೆಳಗಿನ ಮಾತ್ರೆ ತಗೊಂಡೇ ಹೋಗಿ. ಕಾಫಿ ಮಾತ್ರ ತೋರಿಸಿಕೊಂಡು ಬಂದಮೇಲೆ ಕುಡಿಯಿರಿ, ಇಲ್ಲದಿದ್ದರೆ ಆ ನಂಬರನ್ನೂ ನಂಬೋ ಹಾಗಿಲ್ಲ.