ರಾಡ್ ವಿಷ್ಯ ಆಮೇಲೆ, ಮೊದ್ಲು ಬಲೆ ಒಣಗಿಸೋದು ಕಲೀರಿ

ನಿಮ್ ಪ್ರಶ್ನೆ ಓದ್ತಾ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ. ನೀವು "ಇಂಗ್ಲೆಂಡಲ್ಲಿ ಎರಡು ವರ್ಷದಿಂದ ಕೋರ್ಸ್ ಫಿಶಿಂಗ್ ಮಾಡ್ತಿದೀನಿ, ಜೂನಲ್ಲಿ ಒಂದು ವಾರ ರಜ ಹಾಕಿ ನಮ್ ಕನ್ನಡದೋರನ್ನ ಕರ್ಕೊಂಡು ಹೋಗಿ ಗೈಡಿಂಗ್ ಶುರು ಮಾಡ್ಲಾ, ಯಾವ ರಾಡ್ ತಗೊಳ್ಲಿ, ದಿನಕ್ಕೆ ಎಷ್ಟು ಕೇಳ್ಲಿ, ನಾನೂ ಮೀನು ಹಿಡಿದಂಗಾಯ್ತು ದುಡ್ಡೂ ಬಂದಂಗಾಯ್ತು" ಅಂದಿದೀರಲ್ಲ, ಇದೇ ಮಾತನ್ನ ನಾನು 2025ರ ಮೇ ತಿಂಗಳಲ್ಲಿ ಅಡುಗೆಮನೇಲಿ ನಿಂತ್ಕೊಂಡು ಹೆಂಡ್ತಿಗೆ ಹೇಳಿದ್ದೆ. ಅವಳು ಪಾತ್ರೆ ತೊಳೀತಾ "ಹೂಂ" ಅಂದಿದ್ಲು. ಆ ಹೂಂ ಅರ್ಥ ಆಗೋಕೆ ನಂಗೆ ಒಂದು ತಿಂಗಳು ಬೇಕಾಯ್ತು.

ಗೊತ್ತಿಲ್ಲದೋರಿಗೆ: ಕೋರ್ಸ್ ಅಂದ್ರೆ ಕಾಲೇಜಿನ ಕೋರ್ಸ್ ಅಲ್ಲ. ಇಲ್ಲಿ ಸಿಹಿನೀರಿನ ಮೀನಲ್ಲಿ ಸಾಲ್ಮನ್ನು ಟ್ರೌಟು ಒಂದು ಕಡೆ, ಅದು ಮೊದ್ಲಿಂದ ಸಾಹೇಬ್ರ ಆಟ, ಮಿಕ್ಕಿದ್ದು ಕಾರ್ಪ್, ರೋಚ್, ಬ್ರೀಮ್, ಟೆಂಚ್, ಪರ್ಚ್, ಚಬ್, ಬಾರ್ಬೆಲ್ ಎಲ್ಲ ಕೋರ್ಸ್. ಹಿಡಿಯೋದು, ತೂಕ ನೋಡೋದು, ಫೋಟೋ ಹೊಡೆದು ವಾಪಸ್ ನೀರಿಗೆ ಬಿಡೋದು. ನಮ್ಮಮ್ಮ ತಿ. ನರಸೀಪುರದಿಂದ ಫೋನ್ ಮಾಡಿದಾಗೆಲ್ಲ "ತಿನ್ನಲ್ಲ ಅಂದ್ಮೇಲೆ ಅದ್ರ ಬಾಯಿ ಯಾಕ್ಲಾ ಚುಚ್ತೀಯ" ಅಂತಾರೆ. ಇವತ್ತಿಗೂ ಅದಕ್ಕೆ ನನ್ನತ್ರ ಉತ್ತರ ಇಲ್ಲ.

ನಾನಿರೋದು ನಾಟಿಂಗ್‌ಹ್ಯಾಮ್, ಟ್ರೆಂಟ್ ನದಿ ಪಕ್ಕ. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಕೋರ್ಸ್ ಮೀನಿಗೆ ಗಾಳ ಹಾಕಂಗಿಲ್ಲ, ಮೊಟ್ಟೆ ಇಡೋ ಕಾಲ. ಹಂಗಾಗಿ ಜೂನ್ 16 ಅಂದ್ರೆ ಇಲ್ಲಿನೋರಿಗೆ ಒಂಥರಾ ಯುಗಾದಿ. 2025ರಲ್ಲಿ ಅದು ಕರೆಕ್ಟಾಗಿ ಸೋಮವಾರಾನೇ ಬಿತ್ತು. ಸೋಮವಾರದಿಂದ ಶನಿವಾರದವರೆಗೆ ಆರು ದಿನ, ಆರು ಬುಕಿಂಗ್, ಎಲ್ಲ ನಮ್ಮೋರೇ, ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ದಷ್ಟೆ, ಒಂದು ಬುಕಿಂಗಿಗೆ 80 ಪೌಂಡ್. ಕ್ಯಾಲ್ಕ್ಯುಲೇಟರ್ ಒತ್ತಿ 480 ಅಂತ ನೋಡಿ ಒಳಗೊಳಗೇ ಖುಷಿಪಟ್ಟಿದ್ದೆ.

ಸೋಮವಾರ ಇಬ್ಬರು ಐಟಿ ಹುಡುಗ್ರು, ಬಾರ್ಬೆಲ್ಲೇ ಬೇಕು ಅಂತ. ಟ್ರೆಂಟ್ ದಡದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಮೆಟ್ಟಿಲ ಮೇಲೆ ಬೆಳಗ್ಗೆ ಐದಕ್ಕೆ ರಾಡ್ ಬಿಚ್ಚಿದ್ವಿ, ಆಗ ಗೊತ್ತಾಯ್ತು ಒಬ್ಬನ ಹತ್ರ ಲೈಸೆನ್ಸೇ ಇಲ್ಲ. "ನೀವಿದೀರಲ್ಲ ಅಣ್ಣ, ನಿಮ್ದೇ ಸಾಕಾಗಲ್ವಾ" ಅಂತಾನೆ. ಹದಿಮೂರು ವರ್ಷ ತುಂಬಿದ ಪ್ರತಿಯೊಬ್ರಿಗೂ ಅವರವರದೇ ರಾಡ್ ಲೈಸೆನ್ಸ್ ಬೇಕು, ಸಿಕ್ಕಿಬಿದ್ರೆ 2,500 ಪೌಂಡ್‌ವರೆಗೆ ದಂಡ ಬೀಳಬಹುದು. ಅಲ್ಲೇ ನಿಂತು ಫೋನಲ್ಲಿ ಒಂದು ದಿನದ್ದು ತೆಗೆಸಿದೆ. ಹತ್ತು ಗಂಟೆ ಸುಮಾರಿಗೆ ಅವನ ರಾಡ್ ತುದಿ ಎರಡು ಸಲ ಮಿಡೀತು, ಆಮೇಲೆ ರಾಡೇ ಕೆಳಕ್ಕೆ ಬಗ್ಗಿಬಿಡ್ತು. ಒಂಬತ್ತು ಪೌಂಡ್ ತೂಕದ ಬಾರ್ಬೆಲ್. ನಮ್ ಕಾವೇರಿ ಬಿಳಿಮೀನಿಗೆ ಇದು ದಾಯಾದಿ ಕಣ್ರೀ, ಅದೇ ಮೀಸೆ, ಅದೇ ನೀರಿನ ಸೆಳೆತಕ್ಕೆ ಎದುರಾಗಿ ಎಳೆಯೋ ಹಟ. ಎಳೆದೂ ಎಳೆದೂ ಅದಕ್ಕೆ ಉಸಿರೇ ಇರಲ್ಲ, ಹಂಗೇ ಬಿಟ್ರೆ ಹೊಟ್ಟೆ ಮೇಲಾಗಿ ತೇಲ್ಕೊಂಡು ಹೋಗುತ್ತೆ. ಮೂತಿ ಹರಿವಿನ ಕಡೆ ಮಾಡಿ ನೀರೊಳಗೇ ಎರಡೂ ಕೈಯಲ್ಲಿ ಹಿಡ್ಕೊಂಡಿರಬೇಕು. ಐದಾರು ನಿಮಿಷ ಮೊಣಕಾಲವರೆಗೆ ನೀರಲ್ಲಿ ಕೂತಿದ್ದೆ, ಕಿವಿರು ಒಂದೇ ಸಮ ಆಡೋಕೆ ಶುರುವಾಯ್ತು, ಬಾಲದಲ್ಲಿ ನನ್ನ ಕೈಗೊಂದು ಬಾರಿಸಿ ಹೋಯ್ತು. ಹುಡುಗ್ರು ಅಷ್ಟೊತ್ತಿಗೆ ಫೋನಲ್ಲಿ ರೀಲ್ಸ್ ಹಾಕ್ತಿದ್ರು.

ನಾನು ಆ ದಿನ ಎಷ್ಟು ಸಲ ಗಾಳ ಹಾಕಿದೆ ಗೊತ್ತಾ? ಸೊನ್ನೆ. ಇವನ ದಾರ ಬಿಡಿಸು, ಅವನ ಕೊಕ್ಕೆ ಕಟ್ಟು, ಮೀನಿಗೆ ಮೇವು ಹಾಕೋ ಫೀಡರ್ ತುಂಬು, ಟೀ ಕೊಡು. ಮಂಗಳವಾರ ಕೆನಾಲ್ ದಡದಲ್ಲಿ ಒಂದು ಫ್ಯಾಮಿಲಿ, ಮಕ್ಕಳು ಮ್ಯಾಗಟ್ ಹುಳ ನೋಡಿ ಕಿರುಚಿ, ಆಮೇಲೆ ಅದರಲ್ಲೇ ಆಟ ಆಡಿ, ಬೆಂಡು ಮುಳುಗಿದಾಗ ಕುಣಿದಾಡಿ, ಅಂಗೈ ಅಗಲದ ರೋಚ್ ಮೂರ್ನಾಲ್ಕು ಹಿಡಿದ್ವು. ಚೆನ್ನಾಗಿತ್ತು. ಅವತ್ತೂ ನನ್ನ ಲೆಕ್ಕ ಸೊನ್ನೆ. ಹಾಗಾಗಿ "ನಾನೂ ಹಿಡಿದಂಗಾಯ್ತು" ಅನ್ನೋದನ್ನ ಇವತ್ತೇ ತಲೆಯಿಂದ ತೆಗೆದುಬಿಡಿ. ಮದುವೆ ಮನೇಲಿ ಬಡಿಸೋನಿಗೆ ಪಂಕ್ತೀಲಿ ಎಲೆ ಹಾಕಲ್ಲ.

ಬುಧವಾರ ಒಂದು ಕಾರ್ಪ್ ಕೆರೆ. ಇಲ್ಲಿ ಟಿಕೆಟ್ ತಗೊಂಡು ಹಿಡಿಯೋ ಖಾಸಗಿ ಕೆರೆಗಳು ಜಾಸ್ತಿ, ಅವಕ್ಕೆ ಸಾಮಾನ್ಯವಾಗಿ ಆ ಮೂರು ತಿಂಗಳ ನಿಷೇಧ ಇರಲ್ಲ. ನಾಲ್ಕು ಜನ, ಸ್ವೀಟ್‌ಕಾರ್ನ್ ಮೇಲೆ ಕಾರ್ಪ್ ಮುಗಿಬಿದ್ವು, ಗಾಳಕ್ಕೆ ಬಿದ್ದ ಮೀನನ್ನ ಮೇಲೆತ್ತೋ ಕೈಬಲೆ, ಅದೇ ಲ್ಯಾಂಡಿಂಗ್ ನೆಟ್, ಬೆಳಗ್ಗೆಯಿಂದ ರಾತ್ರಿವರೆಗೆ ನೀರು ಬಿಟ್ಟು ಮೇಲೆ ಬರಲೇ ಇಲ್ಲ. ಜೂನಲ್ಲಿ ಇಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆಗೆ. ಹತ್ತೂವರೆಗೆ ಮನೆ ಸೇರಿದೆ, ಗುರುವಾರ ನಾಲ್ಕೂವರೆಗೆ ಹೊರಡ್ಬೇಕು. ಬಲೆಯನ್ನ ಒಂದು ಕಪ್ಪು ಕಸದ ಚೀಲಕ್ಕೆ ತುರುಕಿ ಡಿಕ್ಕೀಲಿ ಬಿಟ್ಟು ಮಲ್ಕೊಂಡೆ.

ಇದೇ ಆ ತಪ್ಪು. ಇನ್ನೊಂದು ಸಲ ಹೇಳ್ತೀನಿ, ಒದ್ದೆ ಬಲೆ, ಪ್ಲಾಸ್ಟಿಕ್ ಚೀಲ, ಡಿಕ್ಕಿ. ಹಿತ್ತಲಲ್ಲಿ ಬಟ್ಟೆ ಒಣಗಿಸೋ ತಂತಿ ಇತ್ತು, ಆ ವಾರ ಇಂಗ್ಲೆಂಡಲ್ಲಿ ಅಪರೂಪದ ಬಿಸಿಲು, ಟವೆಲ್ ಹಾಕಿದ್ರೆ ಒಂದು ಗಂಟೇಲಿ ಗರಿಗರಿ ಆಗ್ತಿತ್ತು. ಒಂದೇ ಒಂದು ಎಕ್ಸ್ಟ್ರಾ ಬಲೆ ಇದ್ದಿದ್ರೆ ಇದನ್ನ ತಂತಿ ಮೇಲೆ ಹಾಕಿ ಅದನ್ನ ತಗೊಂಡು ಹೋಗ್ತಿದ್ದೆ. ಹೊಸ ರಾಡಿಗೆ 110 ಪೌಂಡ್ ಸುರಿದಿದ್ದೆ ಸ್ವಾಮಿ, 20 ಪೌಂಡಿನ ಇನ್ನೊಂದು ಬಲೆ ತಗೋಬೇಕು ಅಂತ ಹೊಳೀಲೇ ಇಲ್ಲ!

ಯಾಕೆ ಇಷ್ಟು ಕೊರೀತಿದೀನಿ ಅಂದ್ರೆ, ಕಾರ್ಪ್‌ಗೆ ಕೆಎಚ್‌ವಿ ಅಂತ ಒಂದು ವೈರಸ್ ಇದೆ, ಕೋಯ್ ಹರ್ಪಿಸ್. ಮನುಷ್ಯರಿಗೆ ಏನೂ ಮಾಡಲ್ಲ, ಆದ್ರೆ ಕೆರೆಗೆ ಹೊಕ್ಕಿದ್ರೆ ಕಾರ್ಪ್ ರಾಶಿ ರಾಶಿ ಸಾಯ್ತವೆ, ಔಷಧಿ ಇಲ್ಲ. ನೀರು 16ರಿಂದ 28 ಡಿಗ್ರಿ ಇದ್ದಾಗ ರೋಗ ಏಳೋದು, ಅಂದ್ರೆ ನಾನು ಅಂಗಡಿ ತೆರೆದಿದ್ದ ಜೂನೇ. ಬದುಕುಳಿದ ಮೀನು ಗುಂಡುಕಲ್ಲಿನಂಗೆ ಕಾಣುತ್ತೆ, ಒಳಗೆ ವೈರಸ್ ಇಟ್ಕೊಂಡಿರಬಹುದು, ಹಾಗಾಗಿ "ಆ ಕೆರೆ ಮೀನೆಲ್ಲ ಚೆನ್ನಾಗೇ ಇದ್ವು" ಅನ್ನೋ ಮಾತಿಗೆ ಬೆಲೆ ಇಲ್ಲ. ರೋಗ ಅಂತ ಅನುಮಾನ ಬಂದ್ರೇ ಸರ್ಕಾರಕ್ಕೆ ತಿಳಿಸ್ಬೇಕು, ಖಚಿತ ಆದ್ರೆ ಆ ಕೆರೆಯಿಂದ ಮೀನು ಸಾಗಿಸೋಕೆ ನಿರ್ಬಂಧ ಬೀಳುತ್ತೆ, ಮಾಲೀಕನ ಹೊಟ್ಟೆಪಾಡು ಅಲ್ಲಿಗೆ ನಿಲ್ತು. ಇನ್ನೊಂದು ಕಿಲ್ಲರ್ ಶ್ರಿಂಪ್ ಅಂತ ಹೊರದೇಶದ ಸೀಗಡಿ, 2010ರಲ್ಲಿ ಗ್ರಾಫಮ್ ವಾಟರ್ ಅನ್ನೋ ಜಲಾಶಯದಲ್ಲಿ ಈ ದೇಶದಲ್ಲಿ ಮೊದಲ ಸಲ ಸಿಕ್ಕಿದ್ದು, ಒದ್ದೆ ಬಲೆ ಮಡಿಕೇಲಿ ಕೂತು ದಿನಗಟ್ಟಲೆ ಬದುಕಿರುತ್ತೆ. ಎಲ್ಲದಕ್ಕೂ ಸುಲಭದ ಮದ್ದು ಅಂದ್ರೆ ಬಲೆ ತೊಳೆದು ಪೂರ್ತಿ ಒಣಗಿಸೋದು. ಪೂರ್ತಿ ಅಂದ್ರೆ ಗಂಟಿನ ಒಳಗೂ.

ಗುರುವಾರದ ಬುಕಿಂಗ್ ಒಬ್ಬ ಮಗ ಅಪ್ಪನಿಗೋಸ್ಕರ ಮಾಡಿದ್ದು. ಯಜಮಾನ್ರು ಮಂಡ್ಯ ಕಡೆಯೋರು, ಎಪ್ಪತ್ತು ದಾಟಿದೆ, ಹುಡುಗನಾಗಿದ್ದಾಗ ವಿ.ಸಿ. ನಾಲೇಲಿ ಎರೆಹುಳ ಸಿಗಿಸಿ ಗಾಳ ಹಾಕ್ತಿದ್ರಂತೆ. ಮೂರು ತಿಂಗಳು ಮಗನ ಮನೇಲಿದ್ದು ಶನಿವಾರ ವಾಪಸ್ ಫ್ಲೈಟ್. ದಾರಿಯುದ್ದಕ್ಕೂ ಕಾರಲ್ಲಿ ನಾಲೆ ಕಥೆ, ನೀರು ಬಿಟ್ಟ ಮೊದಲ ದಿನ ಯಾವ ತೂಬಿನ ಹತ್ರ ಕೂರಬೇಕು, ಯಾವ ಮೀನು ಹೆಂಗೆ ಕಚ್ಚುತ್ತೆ.

ಅವತ್ತಿನದು ಇನ್ನೊಂದು ಕಾರ್ಪ್ ಕೆರೆ, ಅದರ ಗೇಟಲ್ಲಿ ಬೋರ್ಡ್: ಒಣಗಿದ ಬಲೆ ಮಾತ್ರ, ಆಮೇಲೆ ರೋಗಾಣು ಸಾಯಿಸೋ ಮದ್ದಿನ ತೊಟ್ಟೀಲಿ ಅದ್ದಿ ಒಳಗೆ ಬನ್ನಿ. ಮುಂಚೆ ಹೋದಾಗೆಲ್ಲ ಓದಿದ್ದೆ. ಹೆಂಗೂ ತೊಟ್ಟೀಲಿ ಅದ್ದುತ್ತೀವಲ್ಲ, ಒದ್ದೆಯಾದ್ರೇನು ಒಣಗಿದ್ರೇನು ಅಂತ ನನ್ನ ಬುದ್ಧಿವಂತಿಕೆ. ಮಾಲೀಕರು ಬಂದು ಚೀಲದೊಳಗೆ ಕೈ ಹಾಕಿದ್ರು, ಮುಖ ನೋಡಿದ್ರು. ಎಲ್ಲಿತ್ತು ಇದು ಅಂದ್ರು. ಬೇರೆ ಕಾರ್ಪ್ ಕೆರೆ ಅಂದ್ರೆ ಕೆಲಸ ಕೆಡುತ್ತೆ ಅಂತ ನನ್ನ ಬಾಯಿಂದ "ಟ್ರೆಂಟ್, ನದಿ" ಅಂತ ಬಂದುಬಿಡ್ತು.

ಅವರು ಏನೂ ಮಾತಾಡದೆ ಬಲೆ ಪೂರ್ತಿ ಹೊರಗೆಳೆದು ಬೆಳಕಿಗೆ ಹಿಡಿದ್ರು. ಮೂಲೇಲಿ ಹೊಲಿಗೆ ಹತ್ರ ಸಾಸಿವೆ ಕಾಳಿನಷ್ಟು ಹಸಿರು ಎಲೆ ಎರಡೋ ಮೂರೋ ಅಂಟ್ಕೊಂಡಿತ್ತು, ನಿಂತ ನೀರಿನ ಮೇಲೆ ಪರದೆ ಥರ ಹರಡುತ್ತಲ್ಲ ಅದು. ಒಂದನ್ನ ಬೆರಳ ತುದೀಲಿ ತೆಗೆದು ನನ್ನ ಮೂಗಿನ ಹತ್ರ ತಂದು "ಹರಿಯೋ ಟ್ರೆಂಟಲ್ಲಿ ಇದು ಯಾವಾಗಿಂದ ಬೆಳೀತಿದೆ?" ಅಂದ್ರು. ಜೋರಾಗೇನೂ ಹೇಳಲಿಲ್ಲ. ಬೈದಿದ್ರೆ ಚೆನ್ನಾಗಿರೋದು.

ನಾನು ಏನೇನೋ ಹೇಳಿದೆ, ಅವರದೇ ಬಲೆ ಬಾಡಿಗೆಗೆ ಕೊಡಿ ಅಂತ ಕೂಡ ಕೇಳಿದೆ. ಒದ್ದೆ ಬಲೆ ತಂದಿದ್ದು ಮಾತ್ರ ಆಗಿದ್ರೆ ಕೊಡ್ತಿದ್ದೆ, ಸುಳ್ಳು ಹೇಳಿದೋನನ್ನ ಒಳಗೆ ಬಿಡಲ್ಲ ಅಂದ್ರು. ನ್ಯಾಯವಾಗೇ ಇದೆ. ಗೈಡಿಂಗ್‌ಗೆ ಅಂತ ಕೊಟ್ಟಿದ್ದ ಪರ್ಮಿಷನ್ನೂ ಅಲ್ಲೇ ವಾಪಸ್. ಮಗ ಮುಖ ಸಿಂಡರಿಸಿಕೊಂಡು ಕಾರ್ ಕಡೆ ಹೋದ. ಯಜಮಾನ್ರಿಗೆ ಇಂಗ್ಲಿಷ್ ಬರಲ್ಲ, ಏನಂತೆ ಅಂತ ಕೇಳಿದ್ರು, ಹೇಳಿದೆ, ಸುಳ್ಳಿನ ಸಮೇತ. ಒಂದು ನಿಮಿಷ ಕೆರೆ ಕಡೆ ನೋಡಿದ್ರು, ಒಂದು ದೊಡ್ಡ ಕಾರ್ಪ್ ಮೇಲಕ್ಕೆ ಹಾರಿ ಬಿತ್ತು ಬೇರೆ. "ಬುಡು ಮಗ, ಮೈಲಿಗೆ ಬಟ್ಟೇಲಿ ದೇವಸ್ಥಾನಕ್ಕೋದ್ರೆ ಬುಟ್ಟಾರಾ? ಅವರ ಕೆರೆ, ಅವರ ಮಡಿ" ಅಂದ್ರು. ನಾನು ಮೂರು ವರ್ಷ ಓದಿದ ಬೋರ್ಡು ಅವರಿಗೆ ಓದದೇ ಅರ್ಥ ಆಯ್ತು.

ಮಧ್ಯಾಹ್ನ ಟ್ರೆಂಟ್ ದಡಕ್ಕಾದ್ರೂ ಕರ್ಕೊಂಡು ಹೋಗ್ತೀನಿ ಅಂದೆ, ಮಗ ಬೇಡ ಅಂದ, ಪ್ಯಾಕಿಂಗ್ ಇತ್ತು. ಆ 80 ವಾಪಸ್ ಕೊಟ್ಟೆ. ಶುಕ್ರವಾರ, ಶನಿವಾರ ಬುಕ್ ಮಾಡಿದ್ದು ಬೇರೆ ಕೆರೆ, ಆದ್ರೆ ಈ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತು, ಸಾಯಂಕಾಲವೇ ಅಲ್ಲಿಂದಾನೂ "ಬರಬೇಡಿ" ಅಂತ ಮೆಸೇಜ್. 480ರಲ್ಲಿ 240 ಹೋಯ್ತು, ಉಳಿದದ್ದರಲ್ಲಿ ಪೆಟ್ರೋಲು, ಟಿಕೆಟ್ಟು, ಹುಳ, ಸ್ವೀಟ್‌ಕಾರ್ನು. ವಾರ ಪೂರ್ತಿ ದುಡಿದು ರಾಡಿನ ದುಡ್ಡೂ ಹುಟ್ಟಲಿಲ್ಲ.

ಈಗ ನಿಮ್ ಪ್ರಶ್ನೆಗೆ ಬರೋಣ. ಯಾವ ರಾಡ್ ಅನ್ನೋದು ಪ್ರಶ್ನೇನೇ ಅಲ್ಲ, ಈಗಿರೋದೇ ಸಾಕು, ಕಲಿಯೋರಿಗೆ ದುಬಾರಿ ರಾಡ್ ಕೊಟ್ರೆ ಕಾರಿನ ಬಾಗಿಲಿಗೆ ಸಿಕ್ಕಿಸಿ ಮುರೀತಾರೆ. ಬಲೆ ನಾಲ್ಕು ತಗೊಳಿ, ಅನ್‌ಹುಕಿಂಗ್ ಮ್ಯಾಟ್, ಅಂದ್ರೆ ಮೀನನ್ನ ಮಲಗಿಸಿ ಕೊಕ್ಕೆ ಬಿಡಿಸೋ ಹಾಸು, ಎರಡು, ಅದೂ ಒಣಗಬೇಕು, ಅದನ್ನ ಎಲ್ಲರೂ ಮರೀತಾರೆ. ದಿನಾ ಬುಕಿಂಗ್ ತಗೋಬೇಡಿ, ಒಂದು ದಿನ ಬಿಟ್ಟು ಒಂದು ದಿನ ಸಾಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ರೆ, ಅಂದ್ರೆ ಕಂಪನಿ ಸ್ಪಾನ್ಸರ್ ಮಾಡೋ ಕೆಲಸದ ವೀಸಾದಲ್ಲಿದ್ರೆ, ಅದರ ಷರತ್ತು ನೋಡದೆ ಇದನ್ನ ಶುರು ಮಾಡಲೇಬೇಡಿ, ನಾನು ಐಎಲ್‌ಆರ್, ಅಂದ್ರೆ ಇಲ್ಲೇ ಕಾಯಂ ಇರೋ ಪರ್ಮಿಷನ್, ಬಂದ್ಮೇಲೇನೇ ಕೈ ಹಾಕಿದ್ದು. ಇನ್ಶೂರೆನ್ಸ್ ಮಾಡಿಸಿ, ಇಲ್ಲಿನ ಗಾಳಗಾರರ ಸಂಸ್ಥೆ ಆಂಗ್ಲಿಂಗ್ ಟ್ರಸ್ಟ್‌ನೋರ ಕೋಚಿಂಗ್ ಟ್ರೈನಿಂಗ್ ಇರುತ್ತೆ, ಅದನ್ನ ಮುಗಿಸ್ಕೊಂಡು ಬಂದ್ರೆ ಕೆರೆಯೋರು ನಿಮ್ಮನ್ನ ಮನುಷ್ಯ ಅಂತ ಮಾತಾಡಿಸ್ತಾರೆ. ರೇಟು ಎಷ್ಟಾದ್ರೂ ಇಟ್ಕೊಳಿ, ಅದು ದೊಡ್ಡ ವಿಷ್ಯ ಅಲ್ಲ. ನಿಜ ಹೇಳ್ಲಾ, ಮೀನು ಹಿಡಿಯೋ ಆಸೆ ಇದ್ರೆ ಆ ವಾರ ರಜ ಹಾಕಿ ಒಬ್ಬರೇ ಹೋಗಿ ಕೂತ್ಕೊಳಿ, ಗೈಡಿಂಗ್ ಆಮೇಲೆ ನೋಡೋಣ.

ನಾನು ಈಗ್ಲೂ ತಿಂಗಳಿಗೆ ಒಂದೋ ಎರಡೋ ಬುಕಿಂಗ್ ತಗೋತೀನಿ, ನದೀಲಿ ಮಾತ್ರ. ಹಿತ್ತಲ ತಂತಿ ಮೇಲೆ ಬಲೆ ನೇತಾಡ್ತಾ ಇರುತ್ತೆ, ಹೆಂಡ್ತಿ ಬಟ್ಟೆ ಹಾಕೋಕೆ ಜಾಗ ಇಲ್ಲ ಅಂತ ದಿನಾ ಜಗಳ. ಆ ಮಗ ಆಮೇಲೆ ಸಮಾಧಾನ ಆದ, ಒಂದು ಸಲ ಬಂದೂ ಹೋದ, ಅವನು ಊರಿಗೆ ಫೋನ್ ಮಾಡಿದಾಗ ಯಜಮಾನ್ರು "ಆ ನರಸೀಪುರದ ಹುಡ್ಗನ ಬಲೆ ಒಣಗ್ತಾ" ಅಂತ ಕೇಳ್ತಾರಂತೆ. ನೀವು ಜೂನ್ 16ಕ್ಕೆ ಟ್ರೆಂಟ್ ಕಡೆ ಬರೋದಾದ್ರೆ ಹೇಳಿ, ಬಲೆ ನನ್ನತ್ರಾನೇ ಇದೆ.