ಮೈಕ್ ಎಂದರೆ ಕೈಯಲ್ಲಿರುವುದೋ, ಕಂಬದ ಮೇಲಿರುವುದೋ?

ಪ್ರಶ್ನೆ: ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆಂದು ಠಾಣೆಗೆ ಕೊಟ್ಟ ಅರ್ಜಿಯಲ್ಲಿ ‘ಮೈಕ್‌ಗೆ ಅನುಮತಿ’ ಎಂದು ಬರೆದಿದ್ದೆ. ಅದನ್ನು ‘ಧ್ವನಿವರ್ಧಕ’ ಎಂದು ತಿದ್ದಿಸಿದರು. ಎರಡೂ ಒಂದೇ ಅಲ್ಲವೇ? ಬಾಡಿಗೆಯವರ ಬಿಲ್ಲಿನಲ್ಲಿ ಇಂಗ್ಲಿಷಿನಲ್ಲಿ ಒಮ್ಮೆ ‘ಎಂಐಸಿ’, ಒಮ್ಮೆ ‘ಎಂಐಕೆಇ’ ಎಂದಿರುತ್ತದೆ. ಯಾವುದು ಸರಿ?
– ಓದುಗರೊಬ್ಬರು, ಕಾಪು

ಉತ್ತರ: ತಿದ್ದಿಸಿದ್ದು ಸರಿ. ಹಾಗೆಂದು ನೀವು ಬರೆದದ್ದು ಕೆಟ್ಟ ಕನ್ನಡವೇನೂ ಅಲ್ಲ.

ಮೈಕ್ರೋಫೋನ್ ಎಂಬುದರ ಮೊಟಕು ರೂಪ ಮೈಕ್. ಗ್ರೀಕ್ ಮೂಲದಲ್ಲಿ ‘ಸಣ್ಣ’ ಮತ್ತು ‘ದನಿ’ ಎಂಬ ಎರಡು ಪದಗಳು ಸೇರಿ ಆದದ್ದು. ಸಣ್ಣ ದನಿಯನ್ನೂ ಹಿಡಿಯುವ ಸಾಧನ ಅದು. ದನಿಯನ್ನು ವಿದ್ಯುತ್ತಾಗಿ ಮಾಡಿ ಕಳಿಸಿದರೆ ಅದರ ಕೆಲಸ ಮುಗಿಯಿತು. ಹಿಗ್ಗಿಸುವುದು ಆಂಪ್ಲಿಫೈಯರ್, ಊರಿಗೆಲ್ಲ ಕೇಳಿಸುವುದು ಸ್ಪೀಕರ್, ಅಂದರೆ ಧ್ವನಿವರ್ಧಕ.

ನಮ್ಮ ಕರಾವಳಿಯ ಮಾತು ಈ ಮೂರನ್ನೂ ಒಂದೇ ಹೆಸರಿಗೆ ಕಟ್ಟಿಬಿಟ್ಟಿದೆ. ‘ಮೈಕ್‌ನವರು ಬಂದ್ರಾ?’ ಎಂದರೆ ಇಡೀ ಸೆಟ್ಟು. ‘ಗದ್ದೆಯ ಆಚೆಗೂ ಮೈಕ್ ಕೇಳ್ತಾ ಉಂಟು’ ಎಂದರೆ ಹಾರ್ನ್, ಕಂಬಕ್ಕೆ ಕಟ್ಟುವ ಕಹಳೆಯಂಥ ಸ್ಪೀಕರ್. ‘ಅವರಿಗೆ ಮೈಕ್ ಕೊಡ್ಬೇಡಿ ಮಾರಾಯ್ರೆ’ ಎಂದರೆ ಭಾಷಣದ ಅವಕಾಶ. ಬಳಕೆಯಲ್ಲಿ ಬೆಳೆದ ಈ ಅರ್ಥಗಳು ನನಗೆ ಪ್ರಿಯ. ಅವನ್ನು ತಿದ್ದಲು ಹೋಗಬಾರದು.

ಆದರೆ ಕೆಲಸದ ಹೊತ್ತಿಗೆ ವ್ಯತ್ಯಾಸ ಬೇಕು. ಯಕ್ಷಗಾನದಲ್ಲಿ ಭಾಗವತರ ಬಾಯಿಯಿಂದ ಮೈಕ್ ಒಂದು ಗೇಣು ದೂರ ಸರಿದರೂ ಚೆಂಡೆಯ ಪೆಟ್ಟು ಪದವನ್ನು ನುಂಗುತ್ತದೆ. ಮೈಕ್ ಹಿಡಿದವರು ಸ್ಪೀಕರಿನ ಎದುರು ನಡೆದರೆ, ಹೊರಬಂದ ದನಿ ಮತ್ತೆ ಮೈಕಿಗೇ ನುಗ್ಗಿ ‘ಕುಂಯ್’ ಎಂದು ಕಿವಿ ಸೀಳುತ್ತದೆ. ಆಗ ‘ಮೈಕ್ ತಿರುಗಿಸಿ’ ಎಂದು ಕೂಗಿದರೆ, ಕಂಬದ ಹತ್ತಿರ ನಿಂತ ಹುಡುಗ ಹಾರ್ನ್ ತಿರುಗಿಸುತ್ತಾನೆ!

ಅರ್ಜಿಯದೂ ಇದೇ ಕಥೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಲಿಖಿತ ಅನುಮತಿ ಕೇಳುವುದು ಧ್ವನಿವರ್ಧಕಕ್ಕೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಹಚ್ಚುವಂತಿಲ್ಲ. ಹಬ್ಬದಂಥ ಸಂದರ್ಭಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿವರೆಗೆ ವಿನಾಯಿತಿ ಕೊಡಬಹುದು.

ಇಂಗ್ಲಿಷಿನಲ್ಲಿ ಎರಡು ಕಾಗುಣಿತವೂ ಸರಿ. ‘ಕೆಇ’ ಇರುವುದು ಹಳೆಯದು, ‘ಸಿ’ ಇರುವುದು ಈಗ ಹೆಚ್ಚು ರೂಢಿ. ಉಚ್ಚಾರ ಎರಡಕ್ಕೂ ಮೈಕ್, ‘ಮಿಕ್’ ಅಲ್ಲ. ಕನ್ನಡದಲ್ಲಿ ಈ ಗೊಂದಲವೇ ಇಲ್ಲ: ಬ್ಯಾಂಕಿಗೆ, ಬಸ್ಸಿಗೆ ಎಂದಂತೆ ಮೈಕಿಗೆ, ಮೈಕಿನಲ್ಲಿ ಎಂದು ಧಾರಾಳವಾಗಿ ಬರೆಯಿರಿ. ‘ಧ್ವನಿಗ್ರಾಹಕ’ ಎಂಬ ಪದವೂ ಉಂಟು, ಚಪ್ಪರದಡಿ ಯಾರೂ ಹಾಗೆ ಕೇಳುವುದಿಲ್ಲ.

ಬಿಲ್ಲಿನಲ್ಲಿ ಮಾತ್ರ ‘ಮೈಕ್ 4, ಹಾರ್ನ್ 2’ ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.